ಇಂಜೆಕ್ಷನ್‌ಗೆ ತೋಳು ಚಾಚುವ ಮುನ್ನ

ಸೂಜಿ ಹೊಸದೇ ಎಂದು ಕೇಳಿ ನಿಶ್ಚಿಂತರಾಗುವವರೇ ಹೆಚ್ಚು. ಯಕೃತ್ತಿಗೆ ತಗಲುವ ವೈರಾಣು ಸೋಂಕು ಹೆಪಟೈಟಿಸ್ ಸಿ ವಿಷಯದಲ್ಲಿ ಅಷ್ಟು ಸಾಲದು. ಈ ವೈರಾಣು ರಕ್ತದಿಂದ ರಕ್ತಕ್ಕೆ ದಾಟುತ್ತದೆ. ಕೆಮ್ಮಿನಿಂದ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಆದರೆ ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಲಸಿಕೆಯೂ ಇಲ್ಲ.

1. ಮಾತ್ರೆ ಸಾಲುವುದಾದರೆ ಇಂಜೆಕ್ಷನ್ ಬೇಡ. ಸುಸ್ತಿಗೆಲ್ಲ ‘ಗ್ಲೂಕೋಸ್ ಏರಿಸಿ’ ಎಂದು ದುಂಬಾಲು ಬೀಳುವುದನ್ನೂ ಬಿಡಿ.

2. ಸಿರಿಂಜ್ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಲಿ.

3. ಮದ್ದಿನ ಬಾಟಲಿ ನೋಡಿ. ಬಹುಪಾಲು ಎಡವುವುದು ಇಲ್ಲೇ. ಚುಚ್ಚಿದಾಗ ರಕ್ತದ ಅಂಶ ಸೂಜಿಯ ಮೂಲಕ ಸಿರಿಂಜಿನೊಳಕ್ಕೆ ಹಿಮ್ಮರಳಬಹುದು. ಸೂಜಿ ಬದಲಿಸಿದರೂ ಅದು ಕೊಳವೆಯಲ್ಲೇ ಇರುತ್ತದೆ. ಎರಡನೇ ಡೋಸ್‌ಗೆಂದು ಅದೇ ಸಿರಿಂಜನ್ನು ಬಾಟಲಿಗಿಳಿಸಿದರೆ ಬಾಟಲಿಯೇ ಕೆಟ್ಟಿತು. ಆಮೇಲೆ ಬರುವ ರೋಗಿಗೆ ಹೊಚ್ಚಹೊಸ ಸಿರಿಂಜ್ ಬಳಸಿದರೂ ಎಳೆಯುವ ಮದ್ದಿನಲ್ಲೇ ವೈರಾಣು ಇರುತ್ತದೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ 2008ರಲ್ಲಿ ಬಯಲಾದದ್ದು ಇದೇ: ಒಬ್ಬರಿಗಷ್ಟೇ ಬಳಸಬೇಕಾದ ಅರಿವಳಿಕೆ ಮದ್ದು ಪ್ರೊಪೊಫಾಲ್‌ನ ಬಾಟಲಿಯನ್ನು ಎಂಡೋಸ್ಕೋಪಿಗೆ ಬಂದ ಹಲವರಿಗೆ ಬಳಸಿದ್ದರು. ಸುಮಾರು 40,000 ಜನರಿಗೆ ಪರೀಕ್ಷೆ ಮಾಡಿಸಿಕೊಳ್ಳಲು ತಿಳಿಸಬೇಕಾಯಿತು.

ಹಾಗಾಗಿ ಒಬ್ಬರಿಗೊಂದು ಬಾಟಲಿಯೇ ಉತ್ತಮ. ಹಲವು ಡೋಸ್‌ನ ಬಾಟಲಿ ಅನಿವಾರ್ಯವಾದರೆ ಪ್ರತಿ ಸಲವೂ ಹೊಸ ಸೂಜಿ, ಹೊಸ ಸಿರಿಂಜ್ ಎರಡೂ ಬೇಕು. ರಬ್ಬರ್ ಮುಚ್ಚಳವನ್ನು 70% ಆಲ್ಕೋಹಾಲ್‌ನಿಂದ ಉಜ್ಜಿ ಒಣಗಲು ಬಿಡಿ. ಬೆಳಿಗ್ಗೆಯೇ ಡಬ್ಬಿಯಲ್ಲಿ ನೆನೆಸಿಟ್ಟ ಸ್ಪಿರಿಟ್ ಹತ್ತಿ ಬೇಡ. ತೆರೆದ ದಿನಾಂಕ ಬರೆದು, ತಯಾರಕರು ಬೇರೆ ಅವಧಿ ಹೇಳಿರದಿದ್ದರೆ 28 ದಿನಕ್ಕೆ ಎಸೆಯಿರಿ. ಮುಚ್ಚಳದಲ್ಲಿ ಸೂಜಿ ನೆಟ್ಟೇ ಇಟ್ಟ ಬಾಟಲಿ ಕಂಡರೆ ಅದರ ಮದ್ದು ಬೇಡವೆನ್ನಿ. ವಾರ್ಡಿನ ಎಲ್ಲರ ಕ್ಯಾನ್ಯುಲಾ (ರಕ್ತನಾಳಕ್ಕೆ ಹಾಕಿಟ್ಟ ಸಣ್ಣ ಕೊಳವೆ) ತೊಳೆಯಲು ಒಂದೇ 500 ಮಿಲಿ ಸಲೈನ್ ಬಾಟಲಿಯಿಂದ ಎಳೆಯುವುದೂ ಇಂಥದ್ದೇ ಅಡ್ಡದಾರಿ.

4. ಸಕ್ಕರೆ ಪರೀಕ್ಷಾ ಶಿಬಿರಗಳಲ್ಲಿ ಪೆನ್ನಿನಂಥ ಚುಚ್ಚುವ ಸಾಧನವನ್ನು ಒಪ್ಪಬೇಡಿ. ಒಳಗಿನ ಸೂಜಿ ಬದಲಿಸಿದರೂ ಅದರ ಮೂತಿಯಲ್ಲಿ ರಕ್ತ ಅಂಟಿರುತ್ತದೆ. ಒಮ್ಮೆ ಚುಚ್ಚಿ ಬಿಸಾಡುವ ಲ್ಯಾನ್ಸೆಟ್ ಕೇಳಿ. ಮನೆಯಲ್ಲೂ ಇನ್ಸುಲಿನ್ ಪೆನ್ ಒಬ್ಬರದ್ದು ಇನ್ನೊಬ್ಬರಿಗಿಲ್ಲ.

5. ಡಯಾಲಿಸಿಸ್‌ನಲ್ಲಿ ರೋಗಿಯಿಂದ ರೋಗಿಗೆ ಹೋಗುವಾಗ ಸಿಬ್ಬಂದಿ ಕೈಗವಸು ಬದಲಿಸಿ ಕೈ ತೊಳೆಯಬೇಕು. ಮದ್ದನ್ನು ಹಾಸಿಗೆಯ ಪಕ್ಕದಲ್ಲಲ್ಲ, ಬೇರೆ ಮೇಜಿನ ಮೇಲೆ ತುಂಬಬೇಕು.

6. ಅನುಮಾನವಿದ್ದರೆ ಪರೀಕ್ಷೆ ಮಾಡಿಸಿ. ಮೊದಲ ಪರೀಕ್ಷೆ ಹುಡುಕುವುದು ಪ್ರತಿಕಾಯವನ್ನು, ಅಂದರೆ ವೈರಾಣುವಿನ ವಿರುದ್ಧ ದೇಹ ತಯಾರಿಸುವ ಅಂಶವನ್ನು. ಅದು ಕಾಣಿಸಲು ಸೋಂಕು ತಗಲಿದ ಮೇಲೆ ಸಾಮಾನ್ಯವಾಗಿ 8ರಿಂದ 11 ವಾರ ಬೇಕು. ಮರುದಿನವೇ ಬಂದ ನೆಗೆಟಿವ್ ವರದಿಯನ್ನು ನಂಬಿ ಕೂರಬೇಡಿ. ಪಾಸಿಟಿವ್ ಬಂದರೆ ರಕ್ತದಲ್ಲಿ ವೈರಾಣು ಈಗಲೂ ಇದೆಯೇ ಎಂದು ನೋಡುವ ಆರ್‌ಎನ್‌ಎ ಪರೀಕ್ಷೆ ಆಗಲೇಬೇಕು, ಏಕೆಂದರೆ ತಾನಾಗಿ ವಾಸಿಯಾದವರಲ್ಲೂ ಪ್ರತಿಕಾಯ ಉಳಿದಿರುತ್ತದೆ. ಸೋಂಕು ಖಚಿತವಾದರೆ ಸಾಮಾನ್ಯವಾಗಿ 12 ವಾರ ಮಾತ್ರೆ. 95%ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಮಾತ್ರೆ ಉಚಿತ. ಎಲ್ಲಿ ಸಿಗುತ್ತದೆಂದು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.