ಇಳಿಜಾರಿನಲ್ಲಿ ಉಗುರು ಉಳಿಸುವ ಲೇಸ್ ಕಟ್ಟು

ಇಳಿಜಾರಿನಲ್ಲಿ ಓಡಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತಿದ್ದರೆ, ಶೂನ ಮೇಲ್ತುದಿಯಲ್ಲಿ ಸುಮ್ನೆ ಖಾಲಿ ಇರುವ ಆ ಕೊನೆಯ ತೂತನ್ನು ಬಳಸಿ. ಲೇಸನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿ, ಸಣ್ಣ ಕುಣಿಕೆ ಉಳಿಸಿ. ಎರಡೂ ಬದಿ ಹೀಗೇ. ಆಮೇಲೆ ಪ್ರತಿ ತುದಿಯನ್ನು ಎದುರಿನ ಕುಣಿಕೆಯೊಳಗೆ ತೂರಿಸಿ, ಎಳೆದು ಕಟ್ಟಿ. ಹಿಮ್ಮಡಿ ಗಟ್ಟಿಯಾಗಿ ಕೂರುತ್ತದೆ, ಪಾದ ಮುಂದಕ್ಕೆ ಜಾರಿ ಬೆರಳು ಶೂಗೆ ಗುದ್ದುವುದಿಲ್ಲ. ತೀರ್ಥಹಳ್ಳಿ ಕಡೆಯ ಏರಿಳಿತದ ರಸ್ತೆಗೆ, 50ರ ಹತ್ತಿರದ ನಮ್ಮ ಕಾಲುಗಳಿಗೆ ಇದು ಬೇಕೇ ಬೇಕು. ಶೂನೇ ಚಿಕ್ಕದಿದ್ದರೆ ಯಾವ ಕಟ್ಟೂ ಉಪಯೋಗವಿಲ್ಲ. ಬೆರಳಿನ ಮುಂದೆ ಕೈಯ ಒಂದು ಹೆಬ್ಬೆರಳಿನಷ್ಟು ಅಗಲ ಜಾಗ ಇರಲಿ. ಪಾದದ ಮೇಲೆ ಜೋಮು ಹಿಡಿದರೆ ಬಿಗಿ ಜಾಸ್ತಿಯಾಗಿದೆ, ನಿಂತು ಸಡಿಲಿಸಿ. ಜೊತೆಯವರು ಕಾಯುತ್ತಾರೆ, ಅವರಿಗೂ ಉಸಿರು ಬೇಕಲ್ವಾ.