ಐದು ಜನ, ಒಂದು ಕೀಬೋರ್ಡು: ನಮ್ಮ ರಸ್ಟ್ ಗುಂಪು ನಿಂತಿದ್ದು ಹೀಗೆ

"ಎರಡು ವಾರ ನಡೆದರೆ ಹೆಚ್ಚು" ಅಂದಿದ್ದರು ಆಫೀಸಿನ ಹಿರಿಯರೊಬ್ಬರು. ಮೈಸೂರಿನ ಕುವೆಂಪುನಗರದ ನಮ್ಮ ಮನೆ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಸೇರುವ ಈ ಗುಂಪಿಗೆ ಈಗ ಹದಿನಾಲ್ಕು ತಿಂಗಳು.

ಇದು ಮೂರನೇ ಪ್ರಯತ್ನ. ಮೊದಲ ಸಲ ವಾಟ್ಸಾಪಿನಲ್ಲಿ ನಲವತ್ತರ ಹತ್ತಿರ ಜನ ಸೇರಿದ್ದರು. ಮೀಟಿಂಗ್ ರೂಮು ಬಾಡಿಗೆಗೆ ಹಿಡಿದೆ, ಎರಡು ಗಂಟೆಗೆ ಎಂಟುನೂರೋ ಒಂಬೈನೂರೋ. ಮೊದಲ ವಾರ ಹನ್ನೊಂದು ಜನ, ನಾಲ್ಕನೇ ವಾರ ಇಬ್ಬರು. ಸುಮಾರು 3,500 ರೂಪಾಯಿ ನನ್ನ ಜೇಬಿನಿಂದಲೇ ಹೋಯಿತು. ಎರಡನೇ ಸಲ ಆರು ಜನರೂ ತಲಾ ಐನೂರು ಕೊಟ್ಟು ಒಂದೇ ವಿಡಿಯೊ ಕೋರ್ಸ್ ತಗೊಂಡೆವು. ನೋಡಿಕೊಂಡು ಬರುತ್ತಿದ್ದವರು ಇಬ್ಬರೇ, ಉಳಿದವರಿಗೆ ನಾನು ಪಾಠ ಮಾಡಬೇಕಾಯಿತು. ಅಲ್ಲಿಗೆ ಅದೂ ಮುಗಿಯಿತು.

ಈ ಸಲ ಪಾಠ ಇಲ್ಲ, ಓದಿಕೊಂಡು ಬರುವುದೂ ಇಲ್ಲ. ಒಂದು ಲ್ಯಾಪ್‌ಟಾಪು, ಹಳೇ ಟೀವಿ. ಆವತ್ತಿನ ವಿಷಯ ಎಲ್ಲರಿಗಿಂತ ಕಮ್ಮಿ ಗೊತ್ತಿರುವವರು ಕೀಬೋರ್ಡಿಗೆ ಕೂರಬೇಕು, ಮಿಕ್ಕವರು ಉತ್ತರ ಹೇಳಬಾರದು. ತಲಾ 1,000 ಠೇವಣಿ. ಹೇಳದೆ ತಪ್ಪಿಸಿಕೊಂಡರೆ ನೂರು ಕಡಿತ. ಮೊದಲೆರಡು ತಿಂಗಳಲ್ಲಿ ಏಳುನೂರರಷ್ಟು ಕಡಿತವಾಯಿತು, ಅದರಲ್ಲೇ ಎಚ್‌ಡಿಎಂಐ ಕೇಬಲ್ ಬಂತು. ಆಮೇಲೆ ಯಾರೂ ತಪ್ಪಿಸಿಲ್ಲ.

ಒಂದು ಭಾನುವಾರ ಪಿಎಚ್‌ಪಿ ಭಾಷೆಯಿಂದ ಬಂದ ಹುಡುಗಿ ಕೂತಿದ್ದಳು. ವೆಕ್ಟರಿನ (ಬೆಳೆಯುವ ಪಟ್ಟಿ) ಮೊದಲ ಅಂಶಕ್ಕೆ ರೆಫರೆನ್ಸ್ (ಅದರ ವಿಳಾಸ) ತಗೊಂಡಳು, ಕೊನೆಗೆ ಹೊಸ ಅಂಶ ಪುಶ್ ಮಾಡಿದಳು, ಆಮೇಲೆ ಆ ರೆಫರೆನ್ಸನ್ನೇ ಪ್ರಿಂಟ್ ಮಾಡಿದಳು. ಕಂಪೈಲರು ಒಪ್ಪಲಿಲ್ಲ, ಇ0502 ಅನ್ನುವ ದೋಷ ತೋರಿಸಿತು. "ನಾನು ಸೇರಿಸಿದ್ದು ಕೊನೆಗೆ. ಮೊದಲನೇದನ್ನ ಮುಟ್ಟೇ ಇಲ್ವಲ್ಲ!" ಇಪ್ಪತ್ತು ನಿಮಿಷ ಒದ್ದಾಡಿದಳು. ನಾವು ಬಾಯಿ ಬಿಡಲಿಲ್ಲ. ಕೊನೆಗೆ ರೆಫರೆನ್ಸ್ ಪ್ರಿಂಟ್ ಮಾಡುವ ಸಾಲನ್ನು ಕಮೆಂಟ್ ಮಾಡಿ (ಓಡದಂತೆ ಬಿಟ್ಟು), ಪುಶ್‌ಗೆ ಹಿಂದೆ ಮುಂದೆ ಕೆಪ್ಯಾಸಿಟಿ, ಅಂದರೆ ಎಷ್ಟು ಅಂಶಕ್ಕೆ ಜಾಗ ಇದೆ ಅಂತ, ಪ್ರಿಂಟ್ ಮಾಡಿದಳು. 3 ಇದ್ದದ್ದು 6 ಆಗಿತ್ತು. "ಓ, ಜಾಗ ಸಾಲದೆ ಇಡೀ ವೆಕ್ಟರೇ ಮನೆ ಖಾಲಿ ಮಾಡಿದೆ! ನನ್ನ ಹತ್ರ ಇರೋದು ಹಳೇ ವಿಳಾಸ." ರೆಫರೆನ್ಸುಗಳ ಮೇಲೆ ಕಣ್ಣಿಡುವ ಬಾರೋ ಚೆಕ್ಕರ್ ಯಾಕೆ ತಡೆಯುತ್ತದೆ ಅಂತ ಅವಳಿಗೆ ಮತ್ತೆ ಯಾರೂ ಹೇಳಬೇಕಾಗಲಿಲ್ಲ. ನನ್ನ ಪದ್ಧತಿ ಸರಿ ಅಂತ ನನಗೆ ಗಟ್ಟಿಯಾಗಿದ್ದು ಆವತ್ತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಬುಧವಾರ ರಾತ್ರಿ ಗೂಗಲ್ ಮೀಟ್ ಮೂರು ವಾರಕ್ಕೇ ನಿಂತಿತು. ರಸ್ಟಿನ ಪದಗಳಿಗೆ ಕನ್ನಡ ಪದ ಬಳಸಿ ನೋಡಿದೆವು, ಅವುಗಳಲ್ಲಿ 'ಒಡೆತನ' (ಓನರ್‌ಶಿಪ್), 'ಎರವಲು' (ಬಾರೋಯಿಂಗ್) ಉಳಿದವು. ಲೈಫ್‌ಟೈಮಿಗೆ (ರೆಫರೆನ್ಸು ಎಲ್ಲಿಯ ತನಕ ಸಲ್ಲುತ್ತದೆ ಅನ್ನುವುದಕ್ಕೆ) 'ಆಯುಷ್ಯ' ನಾಲಿಗೆಗೆ ಹತ್ತಲಿಲ್ಲ. ಮೂರನೇ ತಿಂಗಳಲ್ಲೇ ಅಸಿಂಕ್‌ಗೆ (ಒಂದಕ್ಕೆ ಕಾಯುವಾಗ ಬೇರೆ ಕೆಲಸ ನಡೆಸುವ ವಿಧಾನ) ಕೈ ಹಾಕಿ, ಅದರಲ್ಲಿ ಬರುವ ಪಿನ್ (ಮೌಲ್ಯ ಮೆಮೊರಿಯಲ್ಲಿ ಜಾಗ ಬದಲಿಸದಂತೆ ಹಿಡಿದಿಡುವುದು) ಹತ್ತಿರ ಸಿಕ್ಕಿಹಾಕಿಕೊಂಡು ನಾಲ್ಕು ಭಾನುವಾರ ಹಾಳಾಯಿತು. ಟ್ರೇಟ್ (ಒಂದು ಟೈಪು ಏನೇನು ಮಾಡಬಲ್ಲದು ಅನ್ನುವ ಒಪ್ಪಂದ) ಗಟ್ಟಿಯಾಗುವ ತನಕ ಅತ್ತ ಹೋಗಬೇಡಿ.

ಹೊಸಬರನ್ನು ಸೇರಿಸಿಕೊಳ್ಳುವ ಮೊದಲು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತೇನೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಉತ್ತರ ಸಿದ್ಧಮಾಡಿಕೊಂಡು ಬರುತ್ತಾರೆ.

ಗುಂಪಿನಲ್ಲೇ ಬರೆದ ಲಾಗ್ ಜಾಲಾಡುವ ಟೂಲು ಈಗ ನನ್ನ ಆಫೀಸಿನಲ್ಲಿ ಓಡುತ್ತಿದೆ. ಹಳೇ ಪೈಥಾನ್ ಸ್ಕ್ರಿಪ್ಟಿಗೆ ನಾಲ್ಕು ನಿಮಿಷ ಹಿಡಿಯುತ್ತಿತ್ತು, ಇದಕ್ಕೆ ಹದಿನೈದು ಸೆಕೆಂಡಿನ ಆಸುಪಾಸು. ಬರುವ ಭಾನುವಾರ ಅಸಿಂಕ್ ಮತ್ತೆ ಶುರು. ಅದರಲ್ಲಿ ಎಲ್ಲರಿಗಿಂತ ಹಿಂದಿರುವವನು ನಾನೇ, ಕೀಬೋರ್ಡು ನನಗೆ.