ಫೋಟೋದಲ್ಲಿ ನಗು ಪೆಚ್ಚಾಗಿ ಬರುತ್ತಾ? ಹೀಗೆ ಮಾಡಿ ನೋಡಿ

ಮದುವೆ ಸ್ಟೇಜ್ ಮೇಲೆ ಫೋಟೋಗ್ರಾಫರ್ "ಸ್ವಲ್ಪ ನಗಿ ಸಾರ್" ಅಂದ ತಕ್ಷಣ ಮುಖ ಬಿಗಿಯಾಗುತ್ತದೆ, ಹಲ್ಲು ಮಾತ್ರ ಕಾಣುತ್ತದೆ, ಅಲ್ವಾ? ನಿಮ್ಮ ಮುಖ ಚೆನ್ನಾಗಿಯೇ ಇದೆ ಬಿಡಿ. ನಗುವಿಗೆ ಮೆದುಳಿನಲ್ಲಿ ಎರಡು ದಾರಿಗಳಿವೆ, ಆ ಹೊತ್ತಿಗೆ ಒಂದೇ ಕೆಲಸ ಮಾಡುತ್ತಿರುತ್ತದೆ.

ಮೊದಲು ಕನ್ನಡಿ ಮುಂದೆ ನಿಂತು ಬೇಕಂತಲೇ ನಗಿ. ತುಟಿಯ ತುದಿಗಳು ಮೇಲೇರುತ್ತವೆ, ಕಣ್ಣು ಸುಮ್ನೆ ಇರುತ್ತದೆ. ಇದು ಮೋಟಾರ್ ಕಾರ್ಟೆಕ್ಸ್ ಅನ್ನುವ ಮೆದುಳಿನ ಭಾಗದ ಕೆಲಸ, ಬೇಕೆಂದಾಗ ಕೈ ಎತ್ತಿಸುವುದೂ ಅದೇ. ಈಗ ನಿಮ್ಮನ್ನು ಬಿದ್ದು ಬಿದ್ದು ನಗಿಸುವ ಗೆಳೆಯನನ್ನು ನೆನೆಸಿಕೊಳ್ಳಿ. ಕಣ್ಣಿನ ಪಕ್ಕ ಸುಕ್ಕು ಬಿತ್ತಾ? ಇದು ಇನ್ನೊಂದು ದಾರಿ. ಭಾವನೆಗೆ ಸಂಬಂಧಿಸಿದ ಲಿಂಬಿಕ್ ಭಾಗಗಳು ಮತ್ತು ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪು ಸೇರಿ ಇದನ್ನು ನಡೆಸುತ್ತವೆ. ಕಣ್ಣಿನ ಈ ಗುಟ್ಟನ್ನು ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಬರೆದಿದ್ದ. ಮುಖದ ಸ್ನಾಯುಗಳಿಗೆ ಸಣ್ಣದಾಗಿ ಕರೆಂಟ್ ಕೊಟ್ಟು ನೋಡುತ್ತಿದ್ದ ಪುಣ್ಯಾತ್ಮ!

ದಾರಿಗಳು ಬೇರೆ ಬೇರೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಗುವುದು ರೋಗಿಗಳಲ್ಲಿ. ಸ್ಟ್ರೋಕ್‌ನಿಂದ ಮೋಟಾರ್ ಕಾರ್ಟೆಕ್ಸ್‌ಗೆ ಪೆಟ್ಟಾದ ಕೆಲವರಿಗೆ "ನಗಿ" ಅಂದರೆ ಬಾಯಿಯ ಒಂದು ಕಡೆ ಏಳುವುದೇ ಇಲ್ಲ, ಆದರೆ ಒಳ್ಳೆಯ ಜೋಕ್ ಹೇಳಿದರೆ ಎರಡೂ ಕಡೆ ಸಲೀಸಾಗಿ ನಗುತ್ತಾರೆ. ಬೇಸಲ್ ಗ್ಯಾಂಗ್ಲಿಯಾ ಸರಿಯಾಗಿ ಕೆಲಸ ಮಾಡದ ಪಾರ್ಕಿನ್ಸನ್ಸ್ ಕಾಯಿಲೆಯಲ್ಲಿ ಇದಕ್ಕೆ ತದ್ವಿರುದ್ಧ. ಹೇಳಿದರೆ ನಗಬಲ್ಲರು, ತಾನಾಗಿ ಬರುವ ನಗು ಕಡಿಮೆಯಾಗುತ್ತದೆ. ಮನಸ್ಸಿನಲ್ಲಿ ಖುಷಿ ಇದ್ದರೂ ಮುಖ ಸಪ್ಪಗೆ ಕಾಣುತ್ತದೆ, ಮನೆಯವರು ಅದನ್ನು ಸಿಟ್ಟು ಅಂದುಕೊಂಡುಬಿಡುತ್ತಾರೆ. (ಯಾರದ್ದಾದರೂ ಬಾಯಿ ಇದ್ದಕ್ಕಿದ್ದಂತೆ ಒಂದು ಕಡೆ ಸೊಟ್ಟಗಾದರೆ ಪರೀಕ್ಷೆ ಮಾಡುತ್ತಾ ಕೂರಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.)

ಸರಿ, ಫೋಟೋಗೆ ಬರೋಣ. ನಗುವ ಪ್ರಯತ್ನ ಬಿಡಿ, ನಗು ತರಿಸುವ ನೆನಪು ಹುಡುಕಿ. "ಖುಷಿಯ ದಿನ" ಅಂತ ಅಸ್ಪಷ್ಟವಾಗಿ ನೆನೆದರೆ ಸಾಲದು, ತಮ್ಮ ಜಾರಿ ಸಾಂಬಾರ್ ಪಾತ್ರೆಯ ಮೇಲೆ ಬಿದ್ದದ್ದರಂಥ ಒಂದು ನಿರ್ದಿಷ್ಟ ಘಟನೆ ಬೇಕು. ಕ್ಲಿಕ್ಕಿಗೆ ಮುಂಚೆ ಕಣ್ಣು ಮುಚ್ಚಿ, ಉಸಿರು ಬಿಡಿ, ದವಡೆ ಸಡಿಲ ಮಾಡಿ, ಅದನ್ನು ನೆನೆದು ಕಣ್ಣು ತೆರೆಯಿರಿ. ನಗು ಬಂದ ಮೇಲೆ ಹಿಡಿದಿಟ್ಟುಕೊಳ್ಳಬೇಡಿ, ಜಾಸ್ತಿ ಹೊತ್ತು ಹಿಡಿದರೆ ಮತ್ತೆ ಮೊದಲಿನ ದಾರಿಗೇ ಹೋಗುತ್ತದೆ.

ಕ್ಯಾಮೆರಾ ನಿಮ್ಮ ಕೈಯಲ್ಲಿದ್ದರೆ ಇನ್ನೂ ಸುಲಭ. "ಸ್ಮೈಲ್" ಅನ್ನಬೇಡಿ. ಪಕ್ಕದಲ್ಲಿ ನಿಂತ ಅತ್ತಿಗೆಯನ್ನು ಮಾತಿಗೆಳೆಯಿರಿ, ಒಂದರ ಹಿಂದೊಂದು ಫೋಟೋ ತೆಗೆಯುವ ಬರ್ಸ್ಟ್ ಮೋಡ್‌ನಲ್ಲಿ ಬಟನ್ ಒತ್ತಿಹಿಡಿಯಿರಿ.